ಪರಮಶಿವಪ್ಪ ಹೇಳಿದ ಹಿಂದಿ ಸಿನಿಮಾ

ಹೆಂಡತಿ ನೀಲಾಂಬಿಕ ತೀರಿಕೊಂಡು ಒಂದು ತಿಂಗಳಾದರೂ ಪರಮಶಿವಪ್ಪನ ಕಣ್ಣಿಂದ ಒಂದು ಹನಿ ಉದುರಿರಲಿಲ್ಲ. ಮಾತಾಡಿಸಲು ಬಂದವರು ಇವನು ಅಳಲಿ ಎಂದು ಕಾದು, ಕಾಫಿ ಕುಡಿದು, ಗಟ್ಟಿ ಮನುಷ್ಯ ಎಂದು ಹೇಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಮಗಳು ಸೌಂದರ್ಯ ಸೊರಬದ ಮನೆಗೆ ಬೀಗ ಹಾಕಿ ಅವನನ್ನು ಶಿಕಾರಿಪುರಕ್ಕೆ ಕರೆತಂದಳು. ಊಟಕ್ಕೆ ಕರೆದರೆ ಉಣ್ಣುತ್ತಿದ್ದ, ಟಿವಿ ಮುಂದೆ ಕೂರಿಸಿದರೆ ಕೂರುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಒಂದು ಹಳೇ ಹಿಂದಿ ಹೊಡೆದಾಟದ ಚಿತ್ರ ಕನ್ನಡ ಮಾತಿನಲ್ಲಿ ಬಂತು. ಮೊದಲ ಗುದ್ದಿಗೇ ಅವನಿಗೆ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಇದೇ ಚಿತ್ರ ಹೀಗೇ ಬಂದಾಗ, ಹೆಂಡತಿ ನೋಡಿಬಿಟ್ಟಾಳೆಂದು ಕೇಬಲ್ಲಿನ ವೈರು ಕಿತ್ತು, ಲೈನು ಹೋಗಿದೆ ಎಂದು ಸುಳ್ಳು ಹೇಳಿದ್ದ. ಈಗ ಯಾರಿಂದ ಮುಚ್ಚಿಡಬೇಕು? ನೋಡುತ್ತ ಕೂತ.

ನಲವತ್ತೈದು ವರ್ಷದ ಕೆಳಗೆ ಸೊರಬಕ್ಕೆ ಬಂದ ಟೆಂಟ್ ಸಿನಿಮಾದಲ್ಲಿ ಪರಮಶಿವಪ್ಪ ಮೈಕು ಹಿಡಿಯುತ್ತಿದ್ದ. ಹಿಂದಿ ಚಿತ್ರ ಹಾಕಿದಾಗ ಪರದೆಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳುವುದು ಅವನ ಕೆಲಸ. ಮುಂಬೈಯಲ್ಲಿದ್ದು ಬಂದವನು, ಹಿಂದಿ ತನಗೆ ನೀರು ಕುಡಿದಷ್ಟು ಸಲೀಸು ಎಂದು ಮಾಲೀಕರ ಮುಂದೆ ಕೊಚ್ಚಿಕೊಂಡಿದ್ದ. ಇದ್ದದ್ದು ಮೂರೇ ತಿಂಗಳು, ಅದೂ ಉಡುಪಿಯವರ ಹೋಟೆಲಿನ ಹಿಂದೆ ಲೋಟ ತೊಳೆಯುತ್ತ. ಅಲ್ಲಿ ಬೈಗುಳವೂ ಕನ್ನಡದಲ್ಲೇ. ಆದರೆ ಇವನ ಮಾತಿಗೇನೂ ಬರವಿರಲಿಲ್ಲ. ಇದೇ ಚಿತ್ರದಲ್ಲಿ ಕೊನೆಯ ಹೊಡೆದಾಟ ಮುಗಿದು ಒಬ್ಬ ಇನ್ನೊಬ್ಬನ ತೊಡೆಯ ಮೇಲೆ ಸಾಯುತ್ತ ಏನೇನೋ ಹೇಳುವಾಗ, ಇವರು ಅಣ್ಣತಮ್ಮಂದಿರು ಎಂದು ತಾನೇ ತೀರ್ಮಾನಿಸಿ, ತಮ್ಮನ ದನಿ ತೆಗೆದ.

“ಅಣ್ಣಾ, ನಾ ಸತ್ತೆ ಅಂತ ಅವ್ವಗೆ ಹೇಳಬ್ಯಾಡ. ದುಡಿಯಾಕೆ ದೂರ ಹೋಗ್ಯಾನೆ ಅನ್ನು. ನನ್ ಪಾಲಿಂದು ದಿನಾ ಒಂದು ತುತ್ತು ಆಕೆಗೇ ಉಣ್ಸು.”

ಟೆಂಟಿಗೆ ಟೆಂಟೇ ಅತ್ತಿತು. ಹಿಂದಿ ಬಲ್ಲವರು ಯಾರಾದರೂ ಇದ್ದರೋ ಏನೋ, ಅವರೂ ತುಟಿ ಪಿಟಕ್ಕೆನ್ನಲಿಲ್ಲ. ಶಿರಾಳಕೊಪ್ಪದಿಂದ ಚಿಕ್ಕಮ್ಮನ ಮನೆಗೆ ಬಂದಿದ್ದ ನೀಲಾಂಬಿಕ ಮೂರು ದಿನ ಅದೇ ಚಿತ್ರಕ್ಕೆ ಬಂದಳು. ಮರುವರ್ಷ ಅವಳನ್ನೇ ಮದುವೆಯಾದ. ಆಮೇಲೂ ಅವಳು ಆ ಮಾತನ್ನು ಆಗಾಗ ಅವನಿಂದ ಹೇಳಿಸಿ ಕೇಳುತ್ತಿದ್ದಳು. ತನ್ನ ಹಿಂದಿ ನಂಬಿ ಕೈಹಿಡಿದವಳು, ನಿಜ ಗೊತ್ತಾದರೆ ತನ್ನ ಮರ್ಯಾದೆ ಏನಾದೀತು ಎಂಬ ಅಂಜಿಕೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಈಗ ಟಿವಿಯಲ್ಲಿ ಆ ಘಟ್ಟ ಬಂತು. ಸಾಯುತ್ತಿದ್ದವನು ತಮ್ಮನಲ್ಲ, ಕಳ್ಳಸಾಗಣೆಯವನು. ತೊಡೆ ಕೊಟ್ಟವನು ಪೊಲೀಸು. ಚಿನ್ನದ ಪೆಟ್ಟಿಗೆ ಯಾವ ಗೋದಾಮಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಳಾಸ ಕೊಟ್ಟು ಸತ್ತ. ಅವ್ವನ ಸುದ್ದಿಯೇ ಇಲ್ಲ.

ಪರಮಶಿವಪ್ಪನಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಮಗಳಿಗೆ ಬೇರೆ ಯಾರದೋ ವಿಷಯ ಹೇಳುವವನಂತೆ ಎಲ್ಲವನ್ನೂ ಹೇಳಿದ. ನಿಮ್ಮವ್ವಗೆ ಬದುಕಿಡೀ ಮೋಸ ಮಾಡಿದೆ ಎಂದ.

ಸೌಂದರ್ಯ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

“ಅವ್ವಗೆ ಹಿಂದಿ ಬರ್ತಿತ್ತು ಅಪ್ಪಾಜಿ,” ಎಂದಳು. “ಶಿರಾಳಕೊಪ್ಪದಾಗೆ ಪಕ್ಕದ್ದೇ ಬಳೆಗಾರ ಸಾಬರ ಮನೆ. ಅವರ ಹುಡುಗ್ರ ಜೊತೆ ಉರ್ದು ಮಾತಾಡ್ಕೊಂಡೇ ಬೆಳೆದಾಳೆ. ನೀವು ಹೇಳೋದೆಲ್ಲ ಸ್ವಂತದ್ದು ಅಂತ ಮೊದಲ್ನೇ ದಿನಾನೇ ಗೊತ್ತಾತಂತೆ.”

ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನು ಕೇಳಿದ.

“ಗೊತ್ತಂದ್ರೆ ನೀವು ಮತ್ತೆ ಹೇಳಲ್ಲ ಅಂತ. ಆ ಸಿನಿಮಾದಾಗೆ ಏನೂ ಇಲ್ಲ, ನಿಮ್ಮಪ್ಪಾಜಿ ಬಾಯಾಗೇ ಅದು ಚೆಂದ ಅಂತಿದ್ಲು.”

ಪರಮಶಿವಪ್ಪ ತನ್ನ ಅಂಗಿಯ ತೋಳು ನೋಡಿಕೊಂಡ. ಆಸ್ಪತ್ರೆಯಲ್ಲಿ ಕೊನೆಯ ದಿನದ ಸಂಜೆ ನೀಲಾಂಬಿಕ ಅವನ ಅಂಗಿಯ ತೋಳು ಹಿಡಿದು, ಆ ತಮ್ಮ ಸಾಯೋದು ಒಂದ್ಸಲ ಹೇಳ್ರೀ ಎಂದಿದ್ದಳು. ನಾಲ್ಕು ದಿನದಿಂದ ನಿದ್ದೆಗೆಟ್ಟಿದ್ದ ಅವನು, ಗೊತ್ತಿರೋದನ್ನೇ ಎಷ್ಟು ಸಲ ಕೇಳ್ತೀಯೇ, ಸುಮ್ನೆ ಮಲಗು ಎಂದು ಗದರಿದ್ದ. ಅವಳು ತೋಳು ಬಿಟ್ಟು ಆ ಕಡೆ ತಿರುಗಿ ಮಲಗಿದ್ದಳು.

ತಿಂಗಳ ಮೇಲೆ ಮೊದಲ ಸಲ ಅವನಿಗೆ ನೋವಾಯಿತು. ಇದನ್ನೂ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದ, ದನಿ ಹೊರಡಲಿಲ್ಲ.