ತಿರುಗಿಸಿದರೆ ಕಾಣುವ ಬೆನ್ನು

ಟೀಚರ್ ಹೆಬ್ಬೆರಳು ಎಡಕ್ಕೆ ಜಾರಿತು, ಅವರಿಗಾಗಿ ನಾನು ಕಂಪ್ಯೂಟರಿನಲ್ಲಿ ಬಿಡಿಸಿದ ಕುರ್ಚಿಯೂ ಫೋನಿನೊಳಗೆ ತಿರುಗಿತು, ತಿರುಗಿಸುವುದನ್ನು ಈಗಷ್ಟೇ ನಾನೇ ಕಲಿಸಿಕೊಟ್ಟೆ, ಹೀಗೆ ಸವರಿ ಟೀಚರ್, ಹಿಂದೆ ಮುಂದೆ ಎಲ್ಲಾ ಕಾಣುತ್ತೆ, ಅಂಗಡೀಲಿ ಸುತ್ತ ನಡೆದು ನೋಡಿದ ಹಾಗೇ — ಕಾಣುತ್ತಿದೆ, ಎಲ್ಲಾ ಕಾಣುತ್ತಿದೆ, ಕುರ್ಚಿಯ ಮೇಲೆ ಕೂತ ಬೂದು ಗೊಂಬೆಯೂ, ಅಯ್ಯೋ, ಅಳಿಸಿಯೇ ಇಲ್ಲ, ಲಿಂಕ್ ಕಳಿಸುವ ಮೊದಲು ಅಳಿಸಬೇಕಿತ್ತು, ಅಳತೆ ಸರಿಹೊಂದಿಸಲು ಕೂರಿಸಿದ ಗೊಂಬೆ, ಟೀಚರರದೇ ಎತ್ತರ, ಅವರದೇ ಗೂನು, ತಲೆಯ ಮೇಲೆ ತೇಲುವ ಹೆಸರು — ಒಂಟೆ. ನಾನೇ ಇಟ್ಟದ್ದು. ವರ್ಕ್‌ಶಾಪಿನಲ್ಲಿ ಬಡಗಿ ನನ್ನ ಕಂಪ್ಯೂಟರಿನತ್ತ ಇಣುಕಿ, ಯಾರಿದು ಒಂಟೆ ತರ, ಅಂದ, ನಕ್ಕು ಸುಮ್ಮನಾಗಬಾರದಿತ್ತೇ, ಟೈಪ್ ಮಾಡಿಟ್ಟೆ, ಇಬ್ಬರೂ ಚಹಾ ಚೆಲ್ಲುವಷ್ಟು ನಕ್ಕೆವು. ಅಳತೆ ತೆಗೆದ ದಿನ ಟೇಪು ಬೆನ್ನಿಗೆ ತಾಗಿದಾಗ ಟೀಚರ್ ಉಸಿರು ಬಿಗಿಹಿಡಿದಿದ್ದರು, ಬೇರೆ ಕುರ್ಚೀಲಿ ಕೂತ್ರೆ ನೆಲ ಮಾತ್ರ ಕಾಣುತ್ತಮ್ಮ, ಎದುರಿಗೆ ಕೂತೋರ ಮುಖ ಕಾಣೋ ಹಾಗೆ ಮಾಡ್ಕೊಡು, ಅಷ್ಟು ಸಾಕು, ಅಂದಿದ್ದರು, ನಾನು ತಲೆಯಾಡಿಸಿದ್ದೆ, ಎಷ್ಟು ವಿನಯದಿಂದ ಆಡಿಸಿದ್ದೆ — ಈಗ ಟೀಚರ್ ಸೊಸೆ ಬಂದು ಅವರ ಹೆಗಲ ಮೇಲಿಂದ ಬಗ್ಗಿದಳು, ಇದ್ಯಾರತ್ತೆ ಕೂತಿರೋದು, ಹೆಸರು ಬೇರೆ ಇದೆ, ಓದುತ್ತಾ ಅವಳ ದನಿ ಇಂಗಿತು, ನನ್ನನ್ನು ನೋಡಿದಳು, ನಾನು ಬ್ಯಾಗಿನ ಜಿಪ್ ನೋಡಿದೆ, ಅದು ತಾನಾಗೇ ಬರುವ ಹೆಸರು ಅನ್ನಬಹುದು, ಬಾಯಿ ತೆರೆದೂಬಿಟ್ಟೆ, ಅದು ಟೀಚರ್, ಸಾಫ್ಟ್‌ವೇರು — ಸುಳ್ಳು ಅಲ್ಲೇ ಒಣಗಿ ನಾಲಿಗೆಗೆ ಅಂಟಿತು, ಕಿವಿಯ ತನಕ ಬಿಸಿ, ನಾನೇ ಬರೆದದ್ದು ಟೀಚರ್, ತಮಾಷೆಗೆ, ತಪ್ಪಾಯ್ತು. ಅವರು ತಲೆಯೆತ್ತಲಿಲ್ಲ. ಎತ್ತಲು ಆಗುವುದೂ ಇಲ್ಲ, ಅದಕ್ಕೇ ಅಲ್ಲವೇ ಈ ಕುರ್ಚಿ. ಹೆಬ್ಬೆರಳು ಮತ್ತೆ ಸವರಿತು, ಗೊಂಬೆ ಬೆನ್ನು ತೋರಿಸಿತು, ನನ್ನ ಬೆನ್ನು ನಾನು ನೋಡೇ ಇರ್ಲಿಲ್ಲ, ಅಂದರು, ಕನ್ನಡೀಲಿ ಮುಂದ್ಗಡೆ ತಾನೇ ಕಾಣೋದು, ಇಷ್ಟೊಂದಾಗಿದೆಯಾ, ನೀವ್ಯಾರೂ ಹೇಳ್ಲೇ ಇಲ್ವಲ್ಲ. ಸೊಸೆ ಅವರ ಸೆರಗು ಸರಿಮಾಡಿದಳು, ಸರಿಯಾಗೇ ಇದ್ದ ಸೆರಗು. ಆಮೇಲೆ ಟೀಚರ್ ನನಗೆ, ಕುರ್ಚಿ ಚೆನ್ನಾಗಿದೆ, ಮಾಡ್ಸಮ್ಮ, ಅಂದರು — ಬೈಯಬಾರದಿತ್ತೇ, ಬೈದಿದ್ದರೆ ಎದ್ದು ಹೋಗಬಹುದಿತ್ತು, ಬಾಗಿಲು ಇಲ್ಲೇ ಇದೆ — ಫೋನನ್ನು ಸೊಸೆಯ ಕೈಗಿಟ್ಟರು, ಎರಡೂ ಅಂಗೈ ಸೋಫಾಕ್ಕೆ ಊರಿದರು, ಏಳುತ್ತಾರೇನೋ ಎಂದು ಕೈ ಚಾಚಿದೆ, ಏಳುತ್ತಿಲ್ಲ, ಬೆನ್ನು ನೆಟ್ಟಗೆ ಮಾಡಲು ನೋಡುತ್ತಿದ್ದಾರೆ, ಕತ್ತಿನ ನರ ಉಬ್ಬಿದೆ, ಸ್ವಲ್ಪ, ಇನ್ನೂ ಸ್ವಲ್ಪ, ಮತ್ತೆ ಕುಸಿಯಿತು, ಮತ್ತೆ ಅಂಗೈ ಊರಿದರು, ನನ್ನ ಮುಂದೆ, ನೆಟ್ಟಗೆ, ಮತ್ತೆ ನೆಟ್ಟಗೆ