ನೀರು ತರಲು ಒಳಗೆ ಹೋದವಳು

ನೆನೆಸಿದ ಅವರೆಕಾಳು ಹಿತಕುತ್ತಾ ಜಗಲಿಯಲ್ಲಿ ಕೂತಿದ್ದಾಗ ಮೊಮ್ಮಗ ಮಧುಕುಮಾರನ ಫೋನು ಬಂತು. ಸೈನ್ಯಕ್ಕೆ ಸೇರಿ ತರಬೇತಿಯಲ್ಲಿದ್ದಾನೆ. ನನ್ನ ಬೆರಳೆಲ್ಲ ಲೋಳೆಯಾಗಿದ್ದರಿಂದ ಅವನಕ್ಕ ರಮ್ಯಾ ಫೋನನ್ನು ನನ್ನ ಕಿವಿಗೆ ಹಿಡಿದಳು.

“ಅಜ್ಜಿ, ಇವತ್ತು ಕಂಪ್ಯೂಟರ್ ಹಳ್ಳೀಲಿ ನಾನೇ ಫಸ್ಟು! ಒಬ್ಳು ಮುದ್ಕಿ ಬಾಗ್ಲಲ್ಲಿ ನಿಂತಿದ್ಲು. ಒಳಗ್ಯಾರವ್ರೆ ಅಂತ ಕೇಳ್ದೆ. ಮಾತಾಡ್ದೆ ತಿರುಕ್ಕೊಂಡ್ ಒಳಕ್ಕೋದ್ಲು. ಹೊಡ್ದ್‌ಬುಟ್ಟೆ.”

“ಯಾಕ್ಲಾ ಮಗ, ಯಾಕ್ ಹೊಡ್ದೆ?”

“ಬಂದೂಕ ತರಕ್ಕೋಗ್ತಾಳೆ ಕಣಜ್ಜಿ. ಹೊಡೀದಿದ್ರೆ ಮಾರ್ಕ್ಸ್ ಹೋಯ್ತದೆ. ಅಯ್ಯೋ, ಪರದೆ ಮೇಲಿನ ಬೊಂಬೆ ಅದು, ಅದಕ್ಯಾಕೆ ಅಳ್ತೀಯ? ಬರೋ ತಿಂಗ್ಳು ಗಡಿ ಕಡೆ ಹಾಕ್ತಾರಂತೆ.”

ಆ ಮುದುಕಿ ನಾನೇ.

ರಮ್ಯಾ ಕೆಲಸ ಮಾಡುವುದು ಬಿಡದಿ ಹತ್ತಿರದ ಒಂದು ಕಂಪನಿಯಲ್ಲಿ. ಸೈನಿಕರ ತರಬೇತಿಗೆಂದು ಅಲ್ಲಿ ಪರದೆಯ ಮೇಲೆ ಹಳ್ಳಿ ಕಟ್ಟುತ್ತಾರೆ. ಅಲ್ಲಿನ ಜನ ಯಾವಾಗ ಹೇಗೆ ನಡೆದುಕೊಳ್ಳಬೇಕೆಂದು ಕಂಪ್ಯೂಟರಿಗೆ ನಿಯಮ ಹೇಳಿಕೊಡುತ್ತಾರೆ. ಗುರುತಿಲ್ಲದವರು ಬಾಗಿಲಿಗೆ ಬಂದರೆ ಏನು ಮಾಡುತ್ತೀಯೆಂದು ಹೋದ ಬೇಸಿಗೆಯಲ್ಲಿ ನನ್ನನ್ನು ಕೇಳಿದ್ದಳು.

“ಬಿಸ್ಲಲ್ಲಿ ಬಂದೋರ್ನ ಯಾರು ಏನು ಅಂತ ಕೇಳ್ತಾ ನಿಂತ್ಕತಾರಾ? ಮಾತು ಆಮೇಲೆ. ಮೊದ್ಲು ಒಳಕ್ಕೋಗಿ ಒಂದು ಚೊಂಬು ನೀರು, ಒಸಿ ಬೆಲ್ಲ ತತ್ತೀನಿ” ಎಂದಿದ್ದೆ.

ಕಂಪನಿಯವರು ನಾನು ಒಳಗೆ ಹೋಗುವುದನ್ನು ಇಟ್ಟುಕೊಂಡರು, ನೀರನ್ನು ಬಿಟ್ಟರು.

ದೀಪಾವಳಿಯಲ್ಲಿ ರಮ್ಯಾಳ ಬಾಯಿಂದ ಇದು ಗೊತ್ತಾದಾಗಲೇ ಆ ಮುದುಕಿ ಒಳಗೆ ಹೋಗುವುದು ನೀರು ತರಲು ಎಂದು ತರಬೇತಿ ಕೇಂದ್ರದ ದೊಡ್ಡ ಸಾಹೇಬರಿಗೆ ಕಾಗದ ಬರೆದಿದ್ದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ದಪ್ಪದಪ್ಪ. ಕಳಿಸಿದರೆ ಕೆಲಸ ಹೋಗುತ್ತದೆಂದು ರಮ್ಯಾ ಕೈಹಿಡಿದುಕೊಂಡಳು. ತಾನೇ ಸರಿಮಾಡಿಸುತ್ತೇನೆ ಎಂದಳು. ನಾನೂ ಕಾದೆ.

ಈಗ ಫೋನಿಟ್ಟವಳು ತಲೆಯೆತ್ತಲಿಲ್ಲ. “ಆಫೀಸಲ್ಲಿ ಎಷ್ಟು ಸಲ ಹೇಳ್ದೆ ಅಜ್ಜಿ! ನಿಮ್ಮಜ್ಜಿ ನೀರು ಕಂಪ್ಯೂಟರೊಳಕ್ಕೆ ಬಿದ್ರೆ ಕೆಟ್ಟೋಯ್ತದೆ ಅಂತ ಎಲ್ರೂ ನಕ್ಬುಟ್ರು.”

“ನಗ್ಲಿ ಬುಡು. ನಿನ್ ತಮ್ಮ ಹೋಗೋ ಊರಲ್ಲೂ ಯಾವ್ಳೋ ಒಬ್ಳು ಬಾಗ್ಲಲ್ಲಿ ನಿಂತಿರ್ತಾಳೆ ಕಣವ್ವ. ಅವ್ಳು ಬೊಂಬೆ ಅಲ್ಲ.”

“ನನ್ನ ಕೆಲ್ಸ?”

ಕೈ ತೊಳೆದು, ಸೀರೆ ಬದಲಿಸಿ, ಎತ್ತಿಟ್ಟಿದ್ದ ಆ ಕಾಗದ ತೆಗೆದುಕೊಂಡು ನಮ್ಮೂರು ಬೈರಾಪಟ್ಟಣದಿಂದ ಬಸ್ಸು ಹತ್ತಿದೆ. ತಡೆಯುತ್ತಾಳೇನೋ ಅಂದುಕೊಂಡಿದ್ದೆ. ಅವಳು ಕಾಳಿನ ಪಾತ್ರೆಯ ಮುಂದೆ ಕೂತೇ ಇದ್ದಳು.

ಚನ್ನಪಟ್ಟಣದ ಅಂಚೆ ಕಚೇರಿಯ ಹುಡುಗಿ ಕಾಗದ ತಿರುಗಿಸಿ ನೋಡಿದಳು. “ಸ್ಪೀಡ್ ಪೋಸ್ಟಾ ಅಜ್ಜಿ?”

“ಬೇಗ ಹೋಗೋದು ಯಾವ್ದೈತೋ ಅದು ಮಾಡವ್ವ.”

ಮೊಹರು ಬಿತ್ತು. ವಾಪಸು ಕೇಳೋಣವೆಂದು ಒಂದು ಗಳಿಗೆ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಅವಳು ಅದನ್ನು ಚೀಲಕ್ಕೆ ಹಾಕಿದ್ದಳು.