ಎರಡು ಸೀರೆಯ ಪರದೆ

ನಾನು ಒಂದು ಪರದೆ. ಮಖಮಲ್ಲಿನದಲ್ಲ, ಹಗ್ಗ ಎಳೆದರೆ ಸರಿಯುವಂಥದ್ದೂ ಅಲ್ಲ. ಬಯಲಾಟದಲ್ಲಿ ಪಾತ್ರ ಬರುವ ಮುನ್ನ ಇಬ್ಬರು ಎರಡು ತುದಿ ಹಿಡಿದು ನಿಲ್ಲುತ್ತಾರಲ್ಲ, ಆ ಜಾತಿ ನನ್ನದು. ಧಾರವಾಡದಲ್ಲಿ ಬಟ್ಟೆ ಹೊಲಿಯುವ ಶಕುಂತಲಾ ನನ್ನನ್ನು ಹೊಲಿದಳು. ಅರ್ಧ ಅವಳದೇ ನೂಲಿನ ಸೀರೆ. ಇನ್ನರ್ಧ ಅವಳ ಬಾಳಸಂಗಾತಿ ನೀಲಮ್ಮನ ಹಳೆಯ ಇಳಕಲ್ ಸೀರೆ. ಇಳಕಲ್ಲಿಗೆ ತುಸು ಗರ್ವ. ನೂಲಿನ ಪಕ್ಕ ಕೂರಲು ಮೊದಲು ಮುಖ ಸಿಂಡರಿಸಿತ್ತು. ಹೊಲಿಗೆ ಬಿದ್ದ ಮೇಲೆ ಯಾರ ಆಟ ನಡೆಯುತ್ತದೆ?

ನಾನು ಸೇರಿದ್ದು ಫಕೀರಪ್ಪ ಮಾಸ್ತರರ ರವಿವಾರದ ನಾಟಕ ಶಾಲೆಗೆ. ಅಲ್ಲಿ ಕೆಲವು ಮಕ್ಕಳಿಗೆ ಇಬ್ಬರು ಅವ್ವಂದಿರು, ಕೆಲವರಿಗೆ ಇಬ್ಬರು ಅಪ್ಪಂದಿರು. ಒಬ್ಬನನ್ನು ಸಾಕಿದವಳು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ತಾಯಿ. ಮಾಸ್ತರರದು ಬಯಲಾಟದ ಪದ್ಧತಿ. ಕಥೆಗೆ ಮುನ್ನ ಪ್ರತಿ ಮಗುವೂ ನನ್ನ ಹಿಂದೆ ನಿಲ್ಲಬೇಕು. ನಾನು ಸೊಂಟದವರೆಗೆ ಇಳಿದಾಗ, ಆಟ ನಡೆಸುವ ಸಾರಥಿಯಾದ ಮಾಸ್ತರರು ಕೇಳುತ್ತಾರೆ: ಹೆಸರೇನು, ಯಾವ ಊರು, ಯಾರ ಮಗು? ಬಯಲಾಟದಲ್ಲಿ ರಾಜನೂ ಇದಕ್ಕೆ ಉತ್ತರ ಕೊಡುತ್ತಾನೆ. ಇಲ್ಲಿ ಮಕ್ಕಳು ತಮ್ಮ ಮನೆಯ ನಿಜವನ್ನೇ ಹೇಳಬೇಕು.

ಸಿಂಚನಾ ನನ್ನನ್ನು ಹೊಲಿದವಳ ಮಗಳು. ನೀಲಮ್ಮ ಅವಳಿಗೆ ಅವ್ವ, ಶಕುಂತಲಾ ಆಯಿ; ಎರಡೂ ತಾಯಿಯನ್ನು ಕರೆಯುವ ಹೆಸರೇ. ಆದರೆ ದಿನದ ಶಾಲೆಯ ಗೆಳತಿಯರ ಮುಂದೆ ಆಯಿಯನ್ನು ಅವ್ವನ ತಂಗಿಯೆಂದು ಹೇಳಿ ಮೌಶಿ ಮಾಡಿಬಿಟ್ಟಿದ್ದಳು. ಶಕುಂತಲಾಳೂ ಯಾರಾದರೂ ಕೇಳಿದರೆ “ನಾ ಆಕಿ ಮೌಶಿರಿ” ಎಂದು ತಾನೇ ಹೇಳುತ್ತಿದ್ದಳು. ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ನೂಲಿನ ಅರ್ಧಕ್ಕೆ ಸಂಕಟ. ತಾಲೀಮಿನಲ್ಲಿ ಮೂರನೆಯ ಪ್ರಶ್ನೆ ಬಂದರೆ ಹುಡುಗಿ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದು ಮುಖದವರೆಗೆ ಎಳೆದುಕೊಳ್ಳುತ್ತಿದ್ದಳು.

ಆಟಕ್ಕೆ ಆ ಗೆಳತಿಯರೂ ಬರುವವರಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಸ್ತರರು ದಾರಿ ಹುಡುಕಿದರು.

“ನಿನಗ ಮೂರನೇದು ಕೇಳೂದಿಲ್ಲವ್ವಾ.”

“ಬ್ಯಾಡ್ರಿ ಸರ್. ಎಲ್ಲಾರ್ಗೂ ಕೇಳಿ ನನಗಷ್ಟ ಬಿಟ್ರ ಆಯಿಗೆ ತಿಳೀತೈತಿ.”

ಆಟದ ದಿನ ಆಯಾ ಮಗುವಿನ ಮನೆಯವರೇ ನನ್ನನ್ನು ಹಿಡಿಯುವ ರೂಢಿ. ಇಳಕಲ್ ತುದಿ ನೀಲಮ್ಮನ ಕೈಯಲ್ಲಿ, ನೂಲಿನ ತುದಿ ಶಕುಂತಲಾಳ ಕೈಯಲ್ಲಿ. ಹಿಂದಿನಿಂದ ಸಿಂಚನಾಳ ಬಿಸಿಯುಸಿರು ನನಗೆ ತಾಗುತ್ತಿತ್ತು. ನನಗೂ ಹೆದರಿಕೆಯಾಗಿತ್ತು.

ಹೆಸರು ಹೇಳಿದಳು. ಊರು ಹೇಳಿದಳು.

“ಯಾರ ಮಗಳವ್ವಾ?” ಎಂದರು ಮಾಸ್ತರರು.

ಮುಂದಿನ ಸಾಲಿನಲ್ಲಿ ಗೆಳತಿಯರು. ಶಕುಂತಲಾ ನೆಲ ನೋಡುತ್ತಿದ್ದಳು.

“ಪರದೆ ಹಿಡದಾರಲ್ರಿ, ಇವರಿಬ್ಬರ ಮಗಳು,” ಎಂದಳು ಸಿಂಚನಾ. “ಈಕಿ ನಮ್ಮವ್ವ. ಈಕಿ ನಮ್ಮ ಆಯಿ. ಮೌಶಿ ಅಲ್ಲ.”

ಸಾರಥಿ ಹೇಳುವವರೆಗೆ ಪರದೆ ನೆಲಕ್ಕೆ ತಾಗಬಾರದು. ಆದರೆ ಶಕುಂತಲಾಳ ಕೈಯಿಂದ ನನ್ನ ತುದಿ ಜಾರಿಬಿತ್ತು. ನೇಮನಿಷ್ಠೆಯ ಮಾಸ್ತರರು ಅಂದು ಗದರಲಿಲ್ಲ. ಗೆಳತಿಯರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಸಿಂಚನಾ ಬಗ್ಗಿ ನನ್ನನ್ನು ಎತ್ತಿ ಆಯಿಯ ಕೈಗೆ ಕೊಟ್ಟಳು.

ಈಗ ನನಗೆ ಮುಪ್ಪು. ಮುಖವಾಡಗಳ ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತೇನೆ. ಇಳಕಲ್ಲಿನ ಗರ್ವವೆಲ್ಲ ಇಳಿದಿದೆ, ಹರಿದ ಇಳಕಲ್ಲನ್ನು ಈಗ ನೂಲೇ ಹಿಡಿದುಕೊಂಡಿದೆ. ಆಗಾಗ ಶಕುಂತಲಾ ಬಂದು ತೇಪೆ ಹಾಕುತ್ತಾಳೆ. ಮೊನ್ನೆ ಹೊಸದಾಗಿ ಸೇರಿದ ಮಗುವೊಂದು ಅವಳೆದುರು ನಿಂತು, “ನೀವ್ಯಾರ್ರಿ?” ಎಂದು ಕೇಳಿತು.

“ಸಿಂಚನಾನ ಆಯಿ,” ಎಂದಳು ಶಕುಂತಲಾ, ಹೊಲಿಗೆಯಿಂದ ಕಣ್ಣೆತ್ತದೆ.

ಅಂದು ಸೂಜಿ ಚುಚ್ಚಿದ್ದು ನನಗೆ ನೋಯಲೇ ಇಲ್ಲ.